ತಲೆಗೆ ಬಿಗಿಯುವ ಬಟ್ಟೆ

ಇಸ್ಫಹಾನಿನ ಬಜಾರಿನಲ್ಲಿ ರಂಜಾನ್ ಬಂತೆಂದರೆ ತಲೆಗೆ ಬಿಗಿಯುವ ಹತ್ತಿ ಬಟ್ಟೆಗೆ ಎಲ್ಲಿಲ್ಲದ ಗಿರಾಕಿ. ಹಗಲಿಡೀ ನೀರಿಲ್ಲ, ಚಹಾ ಇಲ್ಲ. ತಲೆ ಸಿಡಿಯದೆ ಇನ್ನೇನು? ಉಳಿದ ಅಂಗಡಿಯವರು ಬೆಲೆ ಹೇಳಿದರೆ, ತೂಬಾ ಖಾನಮ್ ಮಾತ್ರ ಹೆಂಗಸರ ಕಿವಿಯ ಬಳಿ ಬಾಗಿ ಕೇಳುತ್ತಿದ್ದಳು: "ಮುಟ್ಟು ಮುಂದೂಡೋ ಮಾತ್ರೆ ತಗೊಂಡಿದೀಯೇನಮ್ಮಾ?"

"ವಿಚಾರಣೆ ಹೀಗೇ ನಡೀಲಿ ಖಾನಮ್," ಎದುರಂಗಡಿಯವನು ಕೆಣಕುತ್ತಿದ್ದ. "ನಾಚಿ ಎದ್ದೋರೆಲ್ಲ ನನ್ನ ಹತ್ರ ಬರ್ತಾರೆ, ನಿಮ್ಮ ದಯದಿಂದ ನನ್ನ ವ್ಯಾಪಾರ ಭರ್ಜರಿ."

ಹಿಂದೊಂದು ರಂಜಾನಿನಲ್ಲಿ ತೂಬಾಳ ತಂಗಿ ಅಕ್ದಸ್ ಆ ಮಾತ್ರೆ ನುಂಗಿದ್ದಳು. ಮುಟ್ಟಾದರೆ ಉಪವಾಸ ಬಿಡಬೇಕಲ್ಲ. ಒಂದೂ ತಪ್ಪಬಾರದೆಂಬ ಹಟ. ತಲೆನೋವೆಂದಾಗ ಮನೆಯವರೆಲ್ಲ ಚಹಾ ಇಲ್ಲದ್ದಕ್ಕೇ ಎಂದರು. ನೋವು ದಿನೇದಿನೇ ಏರಿತು, ಕಣ್ಣು ಮಂಜಾಯಿತು, ಹಬ್ಬದ ಚಂದ್ರ ಕಾಣುವ ಮೊದಲೇ ಹೋದಳು. ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿತ್ತಂತೆ. ಅಂದಿನಿಂದ ಬಟ್ಟೆ ಹರಿಯುವಾಗೆಲ್ಲ ತೂಬಾಳಿಗೆ ಆ ದನಿ ಕೇಳಿಸುತ್ತಿತ್ತು: "ಇನ್ನೂ ಬಿಗಿಯಾಗಿ ಕಟ್ಟೇ ಅಕ್ಕಾ." ಹಣೆಬರಹವೆಂದು ಹೇಳಿಕೊಂಡೇ ಅವಳು ದಿನ ದೂಡಿದ್ದಳು.

ಒಂದು ಮಧ್ಯಾಹ್ನ ಕೇಸರಿ ಮಾರುವ ಬತೂಲ್ ತನ್ನ ಸೊಸೆ ನಸ್ತರನ್‌ಳ ಕೈಹಿಡಿದು ಬಂದಳು.

"ವಾರದಿಂದ ತಲೆನೋವು," ಎಂದಳು ಸೊಸೆ. "ಮಲಗಿದ್ರೆ ಇನ್ನೂ ಜಾಸ್ತಿ. ಬೆಳಗ್ಗೆ ವಾಂತೀನೂ ಆಯ್ತು."

"ಮಾತ್ರೆ?"

ಹುಡುಗಿ ಅತ್ತೆಯ ಮುಖ ನೋಡಿದಳು.

"ತಿಂದಿದಾಳೆ, ಊರೆಲ್ಲ ತಿನ್ನುತ್ತೆ!" ಬತೂಲ್ ಸಿಡುಕಿದಳು. "ನೀನು ಬಟ್ಟೆ ಕೊಡು, ಪಾಠ ಬೇಡ."

"ಬಟ್ಟೆ ಕೊಡಲ್ಲ ಬತೂಲ್ ಖಾನಮ್. ಆಸ್ಪತ್ರೆಗೆ ನಡೀರಿ."

"ಉಪವಾಸ?"

"ಕಾಯಿಲೆಯವರು ಬಿಡಬಹುದು ಅಂತ ದೇವರೇ ಹೇಳಿದಾನೆ. ನೀವು ಅವನಿಗಿಂತ ಕಟ್ಟುನಿಟ್ಟಾ?"

ಬತೂಲ್ ಬಾಯಿ ತೆರೆಯುವಷ್ಟರಲ್ಲಿ ತೂಬಾ ಅಂಗಡಿಯ ಬಾಗಿಲೆಳೆದು ಟ್ಯಾಕ್ಸಿ ಕೂಗಿಯಾಗಿತ್ತು.

ಸ್ಕ್ಯಾನ್ ನೋಡಿದ ವೈದ್ಯೆ ಹೊರಬಂದರು. "ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದೆ. ಮಾತ್ರೆ ತಿಂದೋರಿಗೆಲ್ಲ ಹೀಗಾಗಲ್ಲ. ನೀರಿಲ್ಲದೆ ಮೈ ಒಣಗಿದಾಗ ಅಪಾಯ ಹೆಚ್ಚು. ಸರಿಯಾದ ಹೊತ್ತಿಗೆ ಕರ್ಕೊಂಡು ಬಂದ್ರಿ. ರಕ್ತ ಹೆಪ್ಪುಗಟ್ಟದ ಹಾಗೆ ಔಷಧಿ ಶುರುಮಾಡಿದೀವಿ, ಹುಷಾರಾಗ್ತಾಳೆ."

"ಅಷ್ಟೇನಾ?" ತೂಬಾ ಕೇಳಿದಳು.

"ಅಷ್ಟೇ."

ಬತೂಲ್ ತೂಬಾಳ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ತೂಬಾ ಗೋಡೆಗೊರಗಿ ಕುಸಿದು ಬಿಕ್ಕಿದಳು. ಸಂತೋಷಕ್ಕೆಂದು ಸುತ್ತಲಿನವರು ಬೆನ್ನು ಸವರಿದರು. ಹಣೆಬರಹವೆಂಬ ಆಸರೆ ಅವಳ ಕೈತಪ್ಪಿ ಹೋದದ್ದು ಅವರಿಗೇನು ಗೊತ್ತು? ಒಂದು ಟ್ಯಾಕ್ಸಿ, ಒಂದು ಸ್ಕ್ಯಾನ್, ಒಂದಿಷ್ಟು ಔಷಧಿ. ಅಕ್ದಸ್‌ಗೂ ಅಷ್ಟೇ ಸಾಕಿತ್ತು.