ಅಕ್ಕನಿಗೆ ಸಿಕ್ಕ ಅಲೆ

ನಾವು ಅಕ್ಕನನ್ನು ನೀರಾಟದ ಪಾರ್ಕಿಗೆ ಕರೆದೊಯ್ದದ್ದು ಶನಿವಾರವೆಂದು ಮಗಳ ವಾದ, ಭಾನುವಾರವೆಂದು ನನ್ನದು. ಬ್ಯಾಂಕಿನಲ್ಲಿರುವ ಅಳಿಯನೂ ನಮ್ಮೊಡನೆ ಬಂದಿದ್ದನೆಂಬುದೇ ನನ್ನ ಆಧಾರ. ಎರಡನೆಯ ಶನಿವಾರ ಬ್ಯಾಂಕಿಗೆ ರಜೆಯೆಂಬುದನ್ನು ನಾನು ಗಣನೆಗೆ ತೆಗೆದುಕೊಂಡಿರಲಿಲ್ಲ. ಅವಳ ಫೋನಿನಲ್ಲಿದ್ದ ಚಿತ್ರದ ದಿನಾಂಕವನ್ನು ಪಂಚಾಂಗದೊಂದಿಗೆ ತಾಳೆ ನೋಡಿದ ಮೇಲೆ ಶನಿವಾರವೇ ಸ್ಥಿರವಾಯಿತು. ಈ ಪರಿಶೀಲನೆಯಲ್ಲಿ ಇನ್ನೊಂದು ಸಂಗತಿಯೂ ತಿಳಿಯಿತು. ಅದೇ ವಾರ ನಾವು ಸೂರತ್ತಿನ ಡುಮಸ್ ಕಡಲತೀರಕ್ಕೆ ಹೋಗಿದ್ದದ್ದು ಅಮಾವಾಸ್ಯೆಯಂದು. ಆ ತಿಥಿಯಲ್ಲಿ ಅಲ್ಲಿಯ ಕಡಲು ಏರಿದರೆ ಬಹಳ ಏರುತ್ತದೆ, ಇಳಿದರೆ ಬಹಳ ದೂರ ಸರಿದುಬಿಡುತ್ತದೆ. ನಾವು ತಲುಪಿದ್ದು ಇಳಿತದ ಹೊತ್ತಿಗೆ.

ನನ್ನ ಅಕ್ಕ ಗದಗಿನಲ್ಲಿಯೇ ಬಾಳಿದವಳು. ಎಪ್ಪತ್ತು ದಾಟಿದರೂ ಅವಳ ಕಾಲಿಗೆ ಒಂದು ಅಲೆಯೂ ತಾಕಿರಲಿಲ್ಲ. ಬೇಸಿಗೆ ರಜೆಗೆ ಗುಜರಾತಿನ ನಮ್ಮ ಮನೆಗೆ ಬಂದವಳು ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ. ಡುಮಸ್ಸಿನಲ್ಲಿ ಅವಳಿಗೆ ಕಂಡದ್ದು ಕಪ್ಪು ಕೆಸರು ಮತ್ತು ಒಂಟೆ. ದೊರೆತದ್ದು ಬಿಸಿ ಟೊಮೆಟೊ ಭಜಿ. ಅದನ್ನು ತಿನ್ನುತ್ತ, "ಇವತ್ತ ಸಮುದ್ರ ಊರಾಗ ಇಲ್ಲೇನು?" ಎಂದಷ್ಟೇ ಕೇಳಿದಳು.

ಸೂರತ್ತಿನ ಅಡಾಜಣ್‌ನಲ್ಲಿರುವ ಮಗಳ ಮನೆಯಿಂದ ಎಲ್ಲರೂ ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯ ನಮ್ಮ ಫ್ಲ್ಯಾಟಿಗೆ ಬಂದೆವು. ಅಕ್ಕ ಊರಿಗೆ ರೈಲು ಹತ್ತಲು ಉಳಿದದ್ದು ಒಂದೇ ದಿನ. ಊರ ಹೊರಗಿನ ಪಾರ್ಕಿನಲ್ಲಿ ಯಂತ್ರದಿಂದ ಅಲೆಯೆಬ್ಬಿಸುವ ಕೊಳವಿದೆಯೆಂದು ಮೊಮ್ಮಗಳು ಹೇಳಿದಾಗ ಅಕ್ಕ ತುತ್ತನ್ನು ಕೈಯಲ್ಲೇ ಹಿಡಿದು ಕೇಳಿದಳು:

"ಖರೇ ಅಲೆ ಬರ್ತಾವೇನು ಅದರಾಗ?"

ಬರುತ್ತಿದ್ದವು. ಆದರೆ ಸೀರೆಯುಟ್ಟವರನ್ನು ನೀರಿಗೆ ಬಿಡುತ್ತಿರಲಿಲ್ಲ. ಬಾಡಿಗೆಗೆ ಕೊಡುವ ನೈಲಾನ್ ಉಡುಪನ್ನು ತೊಡಬೇಕಿತ್ತು. ಅಕ್ಕ ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿ ಕೆಳಗಿಟ್ಟಳು.

"ಇದನ್ನ ಹಾಕ್ಕೊಂಡು ನಾಲ್ಕು ಮಂದಿ ಮುಂದ ನಿಲ್ಲಾಕ ನನ್ನಿಂದ ಆಗೂದಿಲ್ಲ. ನೀವು ಹೋಗ್ರಿ, ನಾ ಚೀಲ ಕಾಯ್ತೀನಿ."

"ಲಾಕರ್ ಅದಾವ ಅತ್ತಿ," ಎಂದಳು ಮಗಳು.

"ಲಾಕರಿಗೆ ಕಣ್ಣು ಅದಾವೇನು?"

ನಮ್ಮ ಮನೆತನ ಎಲ್ಲಿಗೆ ಹೊರಟರೂ ಚೀಲ ಕಾಯಲು ಹೆಂಗಸೊಬ್ಬಳು ಇರಲೇಬೇಕೆಂಬುದು ಯಾರೂ ಹಾಕಿಕೊಡದ ಪದ್ಧತಿ. ಮೊದಲು ಅವ್ವ ಕಾಯುತ್ತಿದ್ದಳು, ಅವಳ ತರುವಾಯ ಅಕ್ಕ. ಬಿಸಿಲಿಗೆಂದು ಕಟ್ಟಿದ್ದ ತಾಡಪತ್ರಿಯ ಕೆಳಗೆ ಅವಳು ಕೊಳಕ್ಕೆ ಮುಖಮಾಡಿ ಕುಳಿತಳು. ಅಲೆ ಬಿಡುವ ಮುನ್ನ ಸೈರನ್ ಕೂಗಿದಾಗಲೆಲ್ಲ ಎದ್ದು ನಿಲ್ಲುತ್ತಿದ್ದುದನ್ನು ನನ್ನ ಹೆಂಡತಿ ಗಮನಿಸಿದಳು.

ಮಧ್ಯಾಹ್ನ ಮೋಡ ಕವಿದು ಗುಡುಗಿ ಮಳೆ ಹೊಡೆಯಿತು. ಕಾವಲಿನವರು ಸೀಟಿ ಊದಿ ಎಲ್ಲರನ್ನೂ ನೀರಿನಿಂದ ಹೊರಗೆ ಕಳಿಸಿದರು. ನಾವು ಓಡಿ ಬರುವಷ್ಟರಲ್ಲಿ ತಾಡಪತ್ರಿಯಲ್ಲಿ ತುಂಬಿ ತೂಗುತ್ತಿದ್ದ ಮಳೆನೀರು ಗಾಳಿಗೆ ವಾಲಿ ಅಕ್ಕನ ಮೇಲೂ ಚೀಲಗಳ ಮೇಲೂ ಒಟ್ಟಿಗೆ ಸುರಿಯಿತು. ಯಾರದೂ ಒಣ ಬಟ್ಟೆ ಉಳಿಯಲಿಲ್ಲ. ಕ್ಯಾಂಟೀನಿನಲ್ಲಿ ನಿಂತು ಚಹಾ ಕುಡಿದರೂ ಅವಳ ನಡುಕ ನಿಲ್ಲಲಿಲ್ಲ. ಇಡೀ ಪಾರ್ಕಿನಲ್ಲಿ ಒಣ ಬಟ್ಟೆ ಸಿಗುವ ಸ್ಥಳ ಒಂದೇ ಒಂದು: ಬಾಡಿಗೆ ಉಡುಪಿನ ಕೌಂಟರ್.

ಹೆಂಡತಿ ಅವಳನ್ನು ಕರೆದೊಯ್ದು ನೇರಳೆ ಬಣ್ಣದ, ತುಂಬುತೋಳಿನ ಉಡುಪಿನಲ್ಲಿ ಕರೆತಂದಳು.

"ನಗಬ್ಯಾಡ ತಮ್ಮಾ."

"ನಾ ಎಲ್ಲಿ ನಕ್ಕೆ?"

"ಹಲ್ಲು ಕಾಣಾಕತ್ತಾವ." ಆಮೇಲೆ ಹೆಂಡತಿಯ ಕಡೆ ತಿರುಗಿ, "ಈಗ ಹಿಂಗ ನಾ ಎಲ್ಲಿ ಕೂಡಲಿ?" ಎಂದಳು.

"ಕೂಡೂದ್ಯಾಕ್ರಿ ಅಕ್ಕಾರ? ಆ ನಾಲ್ಕು ಮಂದಿ ಮಳೀಗೆ ಅಂಜಿ ಮನೀಗೆ ಹೋದರು. ನೀರಿಗೆ ಹೋಗ್ರಿ."

ಜನ ನಿಜಕ್ಕೂ ಚದುರಿದ್ದರು. ಆದರೆ ಗುಡುಗು ನಿಂತರೆ ಮಾತ್ರ ಮುಚ್ಚುವ ಮುನ್ನ ಒಮ್ಮೆ ಅಲೆ ಬಿಡುತ್ತೇವೆಂದು ಧ್ವನಿವರ್ಧಕ ಗುಜರಾತಿಯಲ್ಲಿ ಸಾರಿತು. ಅಕ್ಕ ಬೇಕಿಲ್ಲದವಳಂತೆ ಬೇರೆಲ್ಲೋ ನೋಡುತ್ತ, ಮೊಮ್ಮಗಳನ್ನು ಮಾತ್ರ ಮತ್ತೆ ಮತ್ತೆ ವಿಚಾರಿಸುತ್ತಿದ್ದಳು.

"ಗುಡುಗು ಹೋತೇನವಾ?"

"ಅಜ್ಜಿ, ಥೋಡಾ ನಿಲ್ಲು ನೆ," ಎಂದಳು ಸೂರತ್ತಿನಲ್ಲಿ ಹುಟ್ಟಿ ಬೆಳೆದ ಹುಡುಗಿ.

ಗುಡುಗು ದೂರ ಸರಿದು ಬರೀ ತುಂತುರು ಉಳಿಯಿತು. ಕಾವಲಿನವನು ಹಗ್ಗ ಸರಿಸಿದ. ಅಕ್ಕ ಮೊಮ್ಮಗಳ ಕೈಹಿಡಿದು ಪಾದ ಮುಳುಗುವಷ್ಟೇ ಇಳಿದು ನಿಂತಳು. ಸೈರನ್ ಕೂಗಿತು. ಮೊದಲ ಅಲೆ ಪಾದವನ್ನಷ್ಟೇ ಮುಟ್ಟಿತು. ಎರಡನೆಯದು ಮೊಣಕಾಲಿಗೆ ಬಂತು. ಮೂರನೆಯದು ಅವಳನ್ನು ಮೆಲ್ಲಗೆ ಕೂರಿಸಿತು. ಎಬ್ಬಿಸಲು ಧಾವಿಸಿದ ಅಳಿಯನನ್ನು ಅವಳು ಕೈಬೀಸಿ ದೂರ ಕಳಿಸಿದಳು. ಕುಳಿತಲ್ಲೇ ಎರಡೂ ಅಂಗೈಗಳನ್ನು ನೀರಿನ ಮೇಲೆ ಹರಡಿಕೊಂಡು, ಅಲೆ ಬಂದಂತೆ ಏರುತ್ತ, ಹೋದಂತೆ ಇಳಿಯುತ್ತ ನಗುತ್ತಿದ್ದಳು.

ಅಲೆ ನಿಂತಿತು. ಉಳಿದವರೆಲ್ಲ ಮೇಲೇರಿದರು.

"ಮಾಸಿ, ಬಹಾರ್ ಆವೋ," ಎಂದು ಕಾವಲಿನವನು ಹೊರಗೆ ಕರೆದ.

ರಜೆಯುದ್ದಕ್ಕೂ ತರಕಾರಿಯವನೊಡನೆ ಗುಜರಾತಿಯಲ್ಲೇ ಚೌಕಾಸಿ ಮಾಡಿದ್ದ ಅಕ್ಕ ಕದಲಲಿಲ್ಲ.

"ಇಂವ ಏನಂತಾನ ನನಗ ತಿಳಿಯೂದಿಲ್ಲವಾ," ಎಂದಳು ಮೊಮ್ಮಗಳಿಗೆ. "ಇನ್ನೊಮ್ಮೆ ಅಲೆ ಬಿಡಪಾ ಅಂತ ಹೇಳು."

ಹುಡುಗಿ ಅದನ್ನು ಒಂದಕ್ಷರ ಬಿಡದೆ ಗುಜರಾತಿಗೆ ತಿರುಗಿಸಿದಳು. ಅವನು ಸೀಟಿಯನ್ನು ಜೇಬಿಗಿಳಿಸಿ, ಯಂತ್ರದ ಕೋಣೆಯತ್ತ ನೋಡಿ, ಒಂದು ಬೆರಳೆತ್ತಿ ತೋರಿಸಿದ.