ಠೇವಣಿ ಎಡಕ್ಕೆ, ಸಾಲ ಬಲಕ್ಕೆ

ಬೀದಿ ಇನ್ನೂ ಕಣ್ಣುಜ್ಜಿಕೊಳ್ಳುತ್ತಿರುವಾಗಲೇ ಬ್ಯಾಂಕಿನ ಜವಾನ ಏಣಿ ಹತ್ತಿರುತ್ತಾನೆ. ಬಾಗಿಲ ಎಡಗೋಡೆಯ ಮೇಲೆ ‘ಠೇವಣಿ ಬಡ್ಡಿ’, ಬಲಗೋಡೆಯ ಮೇಲೆ ‘ಸಾಲದ ಬಡ್ಡಿ’ ಎಂದು ಬಣ್ಣದಲ್ಲಿ ಬರೆದಿದೆ. ಕೆಳಗೆ ಒಂದೊಂದು ಅಂಕಿಯ ಹಲಗೆ. ಹಲಗೆಗಳನ್ನು ಇಳಿಸಿ, ಒರೆಸಿ, ದರ ಬದಲಾಗಿದ್ದರೆ ಅಂಕಿ ತಿದ್ದಿ ನೇತುಹಾಕುವುದು ಅವನ ದಿನದ ಮೊದಲ ಕೆಲಸ.

ಬೀದಿಯವರಿಗೆ ಅವನು ಏಣಿಯಣ್ಣ. ದರ ಏರಿಸುವವನೂ ಇಳಿಸುವವನೂ ಅವನೇ ಎಂದು ಪಾಪ, ಅವರು ನಂಬಿಬಿಟ್ಟಿದ್ದಾರೆ. ಅಂಕಿ ಏರಿದ ದಿನ ಬಡ್ಡಿಯಲ್ಲೇ ಬದುಕುವ ನಿವೃತ್ತ ಮೇಷ್ಟ್ರು ಕರೆದು ಚಹಾ ಕೊಡಿಸುತ್ತಾರೆ. ಸಾಲದಲ್ಲಿ ಲಾರಿ ಕೊಂಡವನು ಮುಖ ತಿರುಗಿಸುತ್ತಾನೆ. “ಮೇಲಿನವರು ಹೇಳ್ತಾರೆ, ನಾನು ನೇತುಹಾಕ್ತೀನಿ. ಬೈಗುಳ ಮಾತ್ರ ಪೂರ್ತಿ ನಂದು” ಎನ್ನುತ್ತಾನೆ ಏಣಿಯಣ್ಣ.

ಬೀದಿಯ ಕಾಟವಾದರೂ ಸಂಜೆಗೆ ಮುಗಿಯುತ್ತದೆ. ಮನೆಯಲ್ಲಿ ಅಮ್ಮನ ಕೈಖರ್ಚು ನಡೆಯುವುದು ಠೇವಣಿಯ ಬಡ್ಡಿಯಿಂದ. ಹೆಂಡತಿಗೋ ಸಾಲ ತೆಗೆದು ಹಿಟ್ಟಿನ ಗಿರಣಿ ಹಾಕುವ ಹಂಬಲ. ದರ ಏರಿದರೆ ಅಮ್ಮನ ಮುಖ ಅರಳುತ್ತದೆ, ಹೆಂಡತಿಯದು ಊದಿಕೊಳ್ಳುತ್ತದೆ. ಇಳಿದರೆ ಅದಲುಬದಲು. ಕೊನೆಗೆ ಅತ್ತೆ ಸೊಸೆ ಮಾತು ಬಿಟ್ಟರು. ಇಬ್ಬರೂ ಬೇರೆ ಬೇರೆ ಅಡುಗೆ ಮಾಡತೊಡಗಿದರು, ಅವನು ಎರಡನ್ನೂ ಉಣ್ಣಬೇಕಾಯಿತು. ಹೊಟ್ಟೆ ತುಂಬಿ ತುಳುಕಿದರೂ ಮನಸ್ಸು ಬರಿದಾಗಿತ್ತು.

ಇಂಥದ್ದೇ ಒಂದು ಬೆಳಿಗ್ಗೆ, ತೂಕಡಿಸುತ್ತ, ಹಲಗೆಗಳನ್ನು ಅದಲುಬದಲಾಗಿ ನೇತುಹಾಕಿಬಿಟ್ಟ. ಠೇವಣಿಗೆ ನೂರಕ್ಕೆ ಒಂಬತ್ತು, ಸಾಲಕ್ಕೆ ಬರೀ ಆರು! ಬಾಗಿಲು ತೆರೆಯುವ ಹೊತ್ತಿಗೆ ಸಾಲು ತಿರುವು ದಾಟಿತ್ತು, ಮೇಷ್ಟ್ರೇ ಮೊದಲಿಗರು. ಬಲಗಡೆ ಸಾಲ ಪಡೆದು, ಎಡಗಡೆ ಠೇವಣಿ ಇಟ್ಟು, ಕೂತು ಉಣ್ಣುವುದು ಎಲ್ಲರ ಲೆಕ್ಕಾಚಾರ. ಮ್ಯಾನೇಜರ್ ತಾವೇ ಏಣಿ ಹತ್ತಿ ಹಲಗೆ ಕಿತ್ತರು.

ಕೇಳಿದವರೆಲ್ಲ ನಕ್ಕರು. ಅಮ್ಮ ಮಾತ್ರ ನಗಲಿಲ್ಲ. “ಅಲ್ಲಪ್ಪ, ನನ್ನ ದುಡ್ಡಿಗೆ ಆರು ಕೊಟ್ಟು, ಅದನ್ನೇ ಇವಳಿಗೆ ಒಂಬತ್ತಕ್ಕೆ ಕೊಡ್ತಾರಾ? ನಡುವಿನ ಮೂರು ಯಾರಿಗೆ?”

ಕಟ್ಟಡದ ಬಾಡಿಗೆ, ಮ್ಯಾನೇಜರ ಸಂಬಳ, ಸಾಲ ತೀರಿಸದವರ ಬಾಕಿ, ತನ್ನ ಸಂಬಳವೂ ಅದರಲ್ಲೇ ಎಂದು ಅವನು ವಿವರಿಸಿದ. ಅಮ್ಮ ಬೆರಳು ಮಡಚಿ ಲೆಕ್ಕ ಹಾಕಿ, ವಾರಗಳ ನಂತರ ಮೊದಲ ಬಾರಿಗೆ ಸೊಸೆಯನ್ನು ಕರೆದಳು.

“ಏಳೂವರೆಗೆ ನಾನೇ ಕೊಡ್ತೀನಿ. ಕಂತು ತಪ್ಪಿಸಿದ್ರೆ ಗಿರಣಿ ಬೆಲ್ಟ್ ಬಿಚ್ಚಿಟ್ಕೋತೀನಿ.”

ಸೊಸೆಯೂ ಕಮ್ಮಿಯವಳಲ್ಲ. “ಆಗಲಿ ಅತ್ತೆ. ಆದ್ರೆ ಬ್ಯಾಂಕಲ್ಲಿ ದರ ಏರಿತು ಅಂತ ನೀವು ಏರಿಸೋ ಹಾಗಿಲ್ಲ.”

“ಇಳೀತು ಅಂತ ನೀನು ಇಳಿಸೋ ಹಾಗೂ ಇಲ್ಲ.”

ಠೇವಣಿಯ ಅವಧಿ ಮುಗಿದದ್ದೇ ತಡ, ದುಡ್ಡು ಮನೆಗೆ ಬಂತು. ಈಗ ಗಿರಣಿ ಓಡುತ್ತಿದೆ. ಅಡುಗೆಯೂ ಒಂದೇ ಆಗಿದೆ, ಅದಕ್ಕೆ ಅವನಿಗೆ ಆಗಿರುವ ನೆಮ್ಮದಿ ಅಷ್ಟಿಷ್ಟಲ್ಲ. ಮ್ಯಾನೇಜರ್‌ಗೆ ಮಾತ್ರ ಸಿಟ್ಟು. ಜವಾನನ ಮನೆಯಿಂದಲೇ ಒಬ್ಬ ಠೇವಣಿದಾರಳೂ ಒಬ್ಬ ಸಾಲಗಾರಳೂ ಒಟ್ಟಿಗೆ ಕೈತಪ್ಪಿದ್ದು ಹೇಗೆಂದು ಕರೆಸಿ ಕೇಳಿದರು.

ಅವನು ಕೈಕಟ್ಟಿ ನಿಂತು, ಆದಷ್ಟು ವಿನಯದಿಂದಲೇ ಹೇಳಿದ:

“ಏನ್ಮಾಡೋದು ಸಾರ್, ಅವರಿಬ್ಬರೂ ಮಾತಾಡಿಕೊಂಡುಬಿಟ್ರು.”