ಟಾರ್ಚಿನವನ ತೀರ್ಪು

ಹಾಸ್ಯಚಿತ್ರವನ್ನು ತೂಗುವುದರಲ್ಲಿ ನನ್ನನ್ನು ಮೀರಿಸುವವರು ಭೂಮಂಡಲದಲ್ಲಿಲ್ಲ. ಮೂವತ್ತು ವರ್ಷ ಪತ್ರಿಕೆಗೆ ವಿಮರ್ಶೆ ಬರೆದವನು ನಾನು, ನನ್ನ ಒಂದು ಸಾಲಿಗೆ ನಾಯಕನಟರು ಮೂರು ದಿನ ಊಟ ಬಿಟ್ಟದ್ದುಂಟು. ನಮ್ಮ ಚಿತ್ರಮಂದಿರದಲ್ಲಿ ಟಾರ್ಚು ಹಿಡಿದು ಸೀಟು ತೋರಿಸುವ ಮುದುಕನಿಗೂ ಇದೇ ಹುಚ್ಚು. ಆದರೆ ಆಸಾಮಿ ಪರದೆಗೆ ಬೆನ್ನು ಹಾಕಿ ಕತ್ತಲಲ್ಲಿ ಜನರನ್ನೇ ನೋಡುತ್ತಾನೆ. ಆಟ ಬಿಟ್ಟ ಮೇಲೆ "ಇದು ಎರಡು ವಾರ", "ಇದು ಸೋಮವಾರಕ್ಕೇ ಗಂಟುಮೂಟೆ" ಎಂದನೋ ಮುಗಿಯಿತು, ಮೇಲಿನವನೇ ಇಳಿದು ಬಂದರೂ ತೀರ್ಪು ಬದಲಾಗದು. ಸ್ಪೀಕರಿನ ಪಕ್ಕ ನಿಂತೂ ನಿಂತೂ ಅವನ ಎರಡು ಕಿವಿಯೂ ಹೋಗಿ ಹತ್ತು ವರ್ಷವಾಯಿತೆಂದು ಮಾಲೀಕರು ಮೊನ್ನೆ ಹೇಳಿದರು. ಅಷ್ಟು ವರ್ಷ ನಾನು ಅವನೊಡನೆ ಗಂಟಲು ಹರಿದುಕೊಂಡು ವಾದಿಸಿದ್ದೆಲ್ಲ ಗೋಡೆಗೆ! ನಗು ಕೇಳಿಸದವನು ಕುಲುಕುವ ಭುಜಗಳನ್ನು ನೋಡಿ ಲೆಕ್ಕ ಹಾಕುತ್ತಿದ್ದನಂತೆ. ಹೊಸ ಹಾಸ್ಯಚಿತ್ರವನ್ನು ಉಳಿಸುವುದೋ ತೆಗೆಯುವುದೋ ಎಂದು ಮಾಲೀಕರು ನಮ್ಮಿಬ್ಬರನ್ನೂ ಕರೆಸಿದಾಗ, ನನ್ನ ವಿಮರ್ಶೆಯನ್ನೇ ಅವನ ಮುಂದೆ ಹಿಡಿದೆ: 'ಹುಡುಕಿದರೂ ಒಂದು ನಗುವಿಲ್ಲ.' ಮುದುಕ ಓದಿ, ಮಡಿಚಿ, ನನ್ನ ಜೇಬಿಗೇ ತುರುಕಿದ. "ಚೆನ್ನಾಗಿ ಬರೆದಿದ್ದೀರಿ ಸ್ವಾಮಿ. ಆದ್ರೆ ಶುಕ್ರವಾರ ಇಡೀ ಹಾಲ್‌ನಲ್ಲಿ ಎಲ್ಲರಿಗಿಂತ ಜಾಸ್ತಿ ಕುಲುಕಿದ್ದು ನಿಮ್ಮ ಭುಜಾನೇ."